ಹೊಳೆಯ ಕೆಳಗೆ

"ಈ ಕುರ್ಚಿ ಇಲ್ಲಿ ಬೇಡ, ಆಚೆಗಿರಲಿ" ಎನ್ನುತ್ತ ತಂಗಿ ತಾನೇ ಕುರ್ಚಿಯ ಬೆನ್ನು ಹಿಡಿದು ಎಳೆದಳು. ಅದು ಕರಕರ ಸದ್ದು ಮಾಡುತ್ತ ಗೋಡೆಯವರೆಗೆ ಬಂತು. ಅದು ಏಳನೆಯ ಕುರ್ಚಿ. ತಿರುಗಿ ನೋಡಿದರೆ, ಮೊದಲ ಮೂರನ್ನು ಪ್ರದರ್ಶನಾಲಯದ ಮ್ಯಾನೇಜರು ಮತ್ತೆ ನಡುವಿಗೆ ತಂದು ಸಾಲಾಗಿ ಇಟ್ಟಾಗಿತ್ತು.

"ಅಮ್ಮಾ, ನೀವು ಕೂತ್ಕೊಳ್ಳಿ, ಎಲ್ಲಾ ನಾವು ನೋಡ್ಕೋತೀವಿ" ಎಂದರು ಮ್ಯಾನೇಜರು. "ನಿಮ್ಮಣ್ಣನಿಗೆ ಅವರು ಮಾಡಿದ ಗಾಜಿನ ಕೆಳಗೇ ಬೀಳ್ಕೊಡುಗೆ. ಯಾರಿಗೆ ಸಿಗತ್ತೆ ಹೇಳಿ ಈ ಭಾಗ್ಯ?"

ಒಳ್ಳೆಯ ಮನುಷ್ಯ. ಪ್ರಪಂಚದ ಅರ್ಧ ಫಜೀತಿ ಇಂಥ ಒಳ್ಳೆಯವರಿಂದಲೇ ಆಗುವುದು. ಕೆಟ್ಟವನಾಗಿದ್ದರೆ ಜಗಳವಾಡಿ ಕುರ್ಚಿ ಕಿತ್ತುಕೊಳ್ಳಬಹುದಿತ್ತು. ತಂಗಿ ತಲೆ ಎತ್ತಿ ನೋಡಿದಳು.

ಹಾಲಿನ ನಡುಮಧ್ಯೆ, ತಲೆಯಿಂದ ಎರಡಾಳು ಎತ್ತರದಲ್ಲಿ, ಮೂರು ಗಾಜಿನ ಹಲಗೆಗಳು ಉಕ್ಕಿನ ತಂತಿಗಳಿಂದ ಅಡ್ಡಲಾಗಿ ತೂಗುತ್ತಿದ್ದವು. ಒಂದೊಂದೂ ಸಿಮೆಂಟ್ ಮೂಟೆಯಷ್ಟು ಭಾರ. ಮೈತುಂಬ ಅಲೆ, ಸುಳಿ, ಮರಳಿನ ಏರಿಳಿತ. ಮೇಲಿನ ಗಾಜಿನ ಚಾವಣಿಯಿಂದ ಬಿಸಿಲು ಅದರೊಳಗೆ ಇಳಿದು ಕೆಳಗೆ ನೆಲದ ಮೇಲೆ ನೀಲಿಯಾಗಿ ಅಲುಗುತ್ತಿತ್ತು. ಅಣ್ಣ ಅದಕ್ಕೆ 'ಹೊಳೆ' ಎಂದು ಹೆಸರಿಟ್ಟಿದ್ದ. ಈಗ ಅವನೇ ಹೊಳೆಯ ಕೆಳಗೆ, ಚಕ್ರದ ಮೇಜಿನ ಮೇಲೆ, ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗಿದ್ದ.

ಆ ಮೂರರಲ್ಲಿ ನಡುವಿನ ಹಲಗೆ ಒಡೆಯುತ್ತದೆ ಎಂಬುದು ಇಡೀ ಹಾಲಿನಲ್ಲಿ ತಂಗಿಯೊಬ್ಬಳಿಗೇ ಗೊತ್ತಿತ್ತು. ಯಾವಾಗ ಎಂಬುದು ಅವಳಿಗೂ ಗೊತ್ತಿರಲಿಲ್ಲ.

"ಏನತ್ತೆ, ಮೇಲೇ ನೋಡ್ತಿದೀರಲ್ಲ" ಎಂದ ಅಣ್ಣನ ಮಗ, ಪಕ್ಕಕ್ಕೆ ಬಂದು. ಅವನು ಲಿಫ್ಟ್ ಮೆಕ್ಯಾನಿಕ್. ಹೊಳೆಯನ್ನು ತೂಗುಹಾಕಿದವನು ಅವನೇ. "ಭಯ ಬೇಡ. ಆನೆ ಜೋತುಬಿದ್ರೂ ಆ ತಂತಿ ಹರಿಯಲ್ಲ. ಅಪ್ಪನ ಮುಂದೆನೇ ಲೆಕ್ಕ ಹಾಕಿ ಕಟ್ಟಿದೀನಿ."

"ತಂತಿ ಅಲ್ಲ ಕಣೋ..." ಎಂದಳು. ಅಷ್ಟರಲ್ಲಿ ಅವನ ನಾಲ್ಕು ವರ್ಷದ ಮಗಳು ಅಮ್ಮನ ಕೈ ಬಿಡಿಸಿಕೊಂಡು ಓಡಿಹೋಗಿ ಆ ನೀಲಿ ಬೆಳಕಿನ ಮೇಲೆ ಅಂಗಾತ ಮಲಗಿಬಿಟ್ಟಿತು. "ಗಾಜಜ್ಜಿ, ನೋಡು, ನಾನು ಈಜ್ತಿದೀನಿ!"

ತಂಗಿ ಅದನ್ನು ಎಬ್ಬಿಸಲು ಓಡಿದಳು.

*

ಮೂವತ್ತೊಂದು ವರ್ಷ ಅಣ್ಣ ತಂಗಿ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದ್ದರು. ಅಣ್ಣ ಮೊದಲು ಮನೆಗಳ ಕಿಟಕಿಗೆ ಗಾಜು ಕೂರಿಸುತ್ತಿದ್ದವನು. ಒಂದು ದಿನ ಹಳೆಯ ಕರೆಂಟಿನ ಕುಲುಮೆಯೊಂದನ್ನು ತಂದು ನಿಲ್ಲಿಸಿದ. ಅತ್ತಿಗೆ ಬಟ್ಟೆ ಉಜ್ಜುವ ಹಲಗೆಯನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ, ಅದರ ಗೆರೆಗಳನ್ನು ಅಚ್ಚು ತೆಗೆದು, ಅಚ್ಚಿನ ಮೇಲೆ ಗಾಜು ಇಟ್ಟು ಕಾಯಿಸಿದ. ಗಾಜು ಮೆತ್ತಗಾಗಿ ಅಚ್ಚಿನ ಮೇಲೆ ಒರಗಿ ಗೆರೆಗಳನ್ನೆಲ್ಲ ಮೈಗೆ ಹತ್ತಿಸಿಕೊಂಡಿತು. ಅತ್ತಿಗೆ ಮೂರು ದಿನ ಮಾತು ಬಿಟ್ಟಳು. ಅಣ್ಣನಿಗೆ ಅದು ತಿಳಿದದ್ದು ನಾಲ್ಕನೆಯ ದಿನ.

ಕಾಯಿಸುವುದು ಸುಲಭ, ಆರಿಸುವುದು ಕಷ್ಟ. ದಪ್ಪ ಗಾಜು ಐದಾರು ದಿನ ಕುಲುಮೆಯೊಳಗೇ ನಿಧಾನವಾಗಿ ಆರಬೇಕು. ನೋಡಲು ಬಂದವರು "ತೆಗೀರಿ, ಒಂದ್ಸಲ ನೋಡೋಣ" ಎಂದರೆ ಅಣ್ಣ "ಆರಲಿ, ಆರಲಿ" ಎನ್ನುತ್ತಿದ್ದ. ಬೀದಿಯಲ್ಲಿ ಅವನಿಗೆ ಆರಲಿ ಮಾಮ ಎಂದೇ ಹೆಸರು ಬಿತ್ತು.

"ಗಾಜಿನ ಜತೆ ಅದರ ಒಡಹುಟ್ಟಿದ್ದನ್ನೇ ಇಡಬೇಕು ಕಣೇ" ಎನ್ನುತ್ತಿದ್ದ ತಂಗಿಗೆ. "ಬಿಸಿಯಲ್ಲಿ ಯಾವುದು ಬೇಕಾದ್ರೂ ಯಾವುದರ ಜತೆಗಾದ್ರೂ ಕೂಡ್ಕೊಳತ್ತೆ. ಆರುವಾಗ ಒಂದು ಹೆಚ್ಚು ಕುಗ್ಗತ್ತೆ, ಇನ್ನೊಂದು ಕಡಿಮೆ ಕುಗ್ಗತ್ತೆ. ಹೊರಗಿಂದ ಏನೂ ಕಾಣಲ್ಲ. ಒಳಗೊಳಗೇ ಎಳೆದಾಟ. ಒಂದು ದಿನ ಟಿಕ್ ಅನ್ನತ್ತೆ, ಮುಗೀತು."

ಅದಕ್ಕಾಗಿಯೇ ಶೆಡ್ಡಿನಲ್ಲಿ ಒಂದು ನಿಯಮ. ಕತ್ತರಿಸಿದ ತುಂಡಿನ ಮೇಲೆ ಮೊದಲು ನೀರಿಗೆ ಹೋಗದ ಬಣ್ಣದ ಪೆನ್ಸಿಲಿನಿಂದ ಗುರುತು, ಆಮೇಲೆ ತೊಳೆಯುವುದು, ತೊಳೆದದ್ದನ್ನು ಗುರುತು ನೋಡಿಯೇ ಜೋಡಿಸುವುದು. ಏಕೆಂದರೆ ತೊಳೆದ ಮೇಲೆ, ಕುಲುಮೆಗೆಂದೇ ಕಾರ್ಖಾನೆಯಿಂದ ತರಿಸುವ ಗಾಜೂ ಹಳೆಯ ಕಿಟಕಿಯ ಗಾಜೂ ನೋಡಲು ಒಂದೇ. ಕತ್ತರಿಸುವುದು, ಗುರುತು ಹಾಕುವುದು, ತೊಳೆಯುವುದು ತಂಗಿಯ ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪಿರಲಿಲ್ಲ.

ಹೊಳೆಯ ನಡುವಿನ ಹಲಗೆಗೆ ಪಟ್ಟಿಗಳನ್ನು ಕತ್ತರಿಸಿದ ದಿನ ಆಸ್ಪತ್ರೆಯಿಂದ ಫೋನು ಬಂತು. ಅಣ್ಣ ಹೊರಗೆ ಹೋಗಿದ್ದ, ಎತ್ತಿಕೊಂಡವಳು ಇವಳು. ಪರೀಕ್ಷೆಯ ಫಲಿತಾಂಶ ಬಂದಿದೆ, ಮನೆಯವರೂ ಜತೆಗೆ ಬನ್ನಿ ಎಂದರು. ಮನೆಯವರೂ ಬನ್ನಿ ಎಂದರೆ ಏನರ್ಥ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫೋನು ಇಟ್ಟವಳು ಕೈಗೆ ಏನಾದರೂ ಕೆಲಸ ಬೇಕೆಂದು ನೀರಿನ ತೊಟ್ಟಿಗೆ ಕೈಹಾಕಿ, ಎದುರಿಗಿದ್ದ ಪಟ್ಟಿಗಳನ್ನೆಲ್ಲ ತೊಳೆದಳು. ಕತ್ತರಿಸುವ ಮೊನೆಯನ್ನು ಪರೀಕ್ಷಿಸಲೆಂದು ಕತ್ತರಿಸಿ ಪಕ್ಕದಲ್ಲಿಟ್ಟಿದ್ದ ಕಿಟಕಿ ಗಾಜಿನ ಪಟ್ಟಿಗಳನ್ನೂ ಅದೇ ನೀರಿನಲ್ಲೇ ತೊಳೆದಳು. ಗುರುತು ಹಾಕಿದ್ದು ಆಮೇಲೆ.

*

"ಜನ ಜಾಸ್ತಿ ಆಗ್ತಿದಾರೆ, ಸೆಕೆ" ಎಂದು ಮ್ಯಾನೇಜರು ಎ.ಸಿ.ಯನ್ನು ಜೋರು ಮಾಡಿಸಿದರು.

ತಂಗಿ ಹಲಗೆಗಳತ್ತ ನೋಡಿದಳು. ಮೇಲೆ ಬಿಸಿಲು ಕಾಯುತ್ತಿದೆ, ಕೆಳಗಿನಿಂದ ತಣ್ಣನೆಯ ಗಾಳಿ. ಚೆನ್ನಾಗಿರುವ ಗಾಜೇ ಇಂಥದ್ದನ್ನು ಸಹಿಸುವುದು ಕಷ್ಟ. "ಎ.ಸಿ. ಬೇಡ, ನನಗೆ ಚಳಿ" ಎಂದಳು. ಯಾರೋ ಒಂದು ಶಾಲು ತಂದು ಹೊದಿಸಿದರು. ಅತ್ತಿಗೆ ದೂರದಿಂದ ಅವಳನ್ನು ದಿಟ್ಟಿಸಿ ನೋಡಿ ಮುಖ ತಿರುಗಿಸಿದಳು.

ಮಗುವನ್ನು ಎಬ್ಬಿಸಿ ಕರೆದುಕೊಂಡು ಬಂದದ್ದಾಯಿತು. ಎರಡು ನಿಮಿಷಕ್ಕೆ ಅದು ಮತ್ತೆ ಅಲ್ಲಿ. ಅದನ್ನು ನೋಡಿ ಇನ್ನೆರಡು ಮಕ್ಕಳು. ಕುರ್ಚಿಗಳು ತುಂಬಿದವು. ಪಕ್ಕದ ಅಂಗಡಿಯ ಟೈಲರು ಪೆಟ್ಟಿಗೆಯ ಬಳಿ ನಿಂತು ಮಾತಾಡಿದರು. "ನಮ್ಮ ಆರಲಿ ಮಾಮನಿಗೆ ಒಂದು ಲೋಟ ಟೀ ತೊಗೊಳ್ಳಪ್ಪಾ ಅಂದ್ರೆ, 'ಆರಲಿ' ಅನ್ನೋರು. ಆರಿ ಅದರ ಮೇಲೆ ಕೆನೆ ಕಟ್ಟಿದ್ರೂ ಕುಡೀತಿರ್ಲಿಲ್ಲ. ನಾನು ಅಳತೆ ತೊಗೊಂಡು ಹೊಲಿದ ಕೋಟು ಇವತ್ತು ಹಾಕ್ಕೊಂಡಿದಾರೆ. ಅದನ್ನೂ ಹನ್ನೊಂದು ವರ್ಷ ಆರಕ್ಕೆ ಬಿಟ್ಟಿದ್ರು." ಜನ ಅಳುತ್ತಲೇ ನಕ್ಕರು.

ತಂಗಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅಣ್ಣ ಸತ್ತಿದ್ದಾನೆ, ಅದಕ್ಕೆ ಅಳಲೂ ಅವಳಿಗೆ ಪುರುಸೊತ್ತಿಲ್ಲ. ಕಣ್ಣು ಮೇಲೆ, ಕಿವಿ ಮೇಲೆ. ಹೇಳಿದರೆ ಇವತ್ತೇ, ಅವನ ಪೆಟ್ಟಿಗೆ ಎದುರಿಗಿರುವಾಗಲೇ, ಅವನು ಬದುಕಿನಲ್ಲಿ ನಾಲ್ಕು ಜನ ನೋಡುವಂತೆ ಮಾಡಿದ ಒಂದೇ ಒಂದು ಕೆಲಸವನ್ನು ಏಣಿ ಹಾಕಿ ಇಳಿಸುತ್ತಾರೆ. ಆರಲಿ ಮಾಮನ ಗಾಜು ಕೊನೆಗೂ ಒಡಕೇ ಅನ್ನುತ್ತಾರೆ. ತಪ್ಪು ಅವನದಲ್ಲ, ನನ್ನದು ಎಂದರೆ, ಮೂರು ವಾರದಿಂದ ಬಾಯಿ ಮುಚ್ಚಿಕೊಂಡಿದ್ದೆಯಲ್ಲೇ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ. ಹೇಳದಿದ್ದರೆ ಆ ಮಗು.

*

ತಪ್ಪು ಗೊತ್ತಾದದ್ದು ಪ್ರದರ್ಶನ ಶುರುವಾದ ಮರುದಿನ. ಶೆಡ್ಡು ಗುಡಿಸುವಾಗ ಕಪಾಟಿನಲ್ಲಿ ಪಟ್ಟಿಗಳ ಒಂದು ಕಟ್ಟು ಸಿಕ್ಕಿತು. ಕಿಟಕಿಯದು ಎಂದು ಅವಳೇ ಗುರುತು ಹಾಕಿದ್ದ ಕಟ್ಟು. ಅದರಲ್ಲೊಂದು ಪಟ್ಟಿಯ ತುದಿಯಲ್ಲಿ ಕಾರ್ಖಾನೆಯ ಮುದ್ರೆಯ ಚೂರು ಉಳಿದಿತ್ತು. ಅದು ಕುಲುಮೆಯ ಗಾಜು. ಹಾಗಾದರೆ ಹೊಳೆಯೊಳಗೆ ಹೋದದ್ದು?

ಪರೀಕ್ಷೆಗೆಂದು ಎರಡನ್ನೂ ಸೇರಿಸಿ ಅಂಗೈಯಷ್ಟು ತುಂಡು ಮಾಡಿದಳು. ಆರಿಸಿ ಹೊರಗೆ ತೆಗೆದಾಗ ಚೆನ್ನಾಗಿಯೇ ಇತ್ತು. ಕಪಾಟಿನ ಮೇಲೆ ಇಟ್ಟಳು. ಮೂರನೆಯ ದಿನ ಮಧ್ಯಾಹ್ನ, ಯಾರೂ ಮುಟ್ಟದೆ, ಟಿಕ್ ಎಂದು ಎರಡು ಹೋಳಾಯಿತು.

ಹೇಳಿಬಿಡಬೇಕೆಂದು ಅಣ್ಣನ ಹಾಸಿಗೆಯ ಬಳಿಗೆ ಹೋದಳು. ಅವನು ಮಗ ತಂದುಕೊಟ್ಟಿದ್ದ ಹೊಳೆಯ ಫೋಟೋವನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ.

"ನೋಡೇ, ಜನ ನಿಂತು ನೋಡ್ತಿದಾರೆ" ಎಂದ. ದನಿ ಉಳಿದಿರಲಿಲ್ಲ. "ನೀನು ಕತ್ತರಿಸಿದ್ದು. ಒಂದು ಅಂಚಾದ್ರೂ ತಪ್ಪಿಲ್ಲ."

"ಅಣ್ಣಾ..."

"ಏನೇ?"

"ಏನಿಲ್ಲ. ನೀರು ಕೊಡ್ಲಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತು ಏನಾಗುತ್ತದೆಂದು ಯಾರೂ ಹೇಳಿಲ್ಲ. ಅಂದಿನಿಂದ ಅವಳು ದಿನವೂ ಬಾಗಿಲು ತೆರೆಯುವ ಹೊತ್ತಿಗೆ ಪ್ರದರ್ಶನಾಲಯಕ್ಕೆ ಬಂದು, ಮುಚ್ಚುವವರೆಗೂ ಹೊಳೆಯ ಹತ್ತಿರ ನಿಂತು, ಬಂದವರನ್ನು "ಇಲ್ಲಿಂದ ಚೆನ್ನಾಗಿ ಕಾಣತ್ತೆ, ಬನ್ನಿ" ಎಂದು ಬದಿಗೆ ಕರೆಯುತ್ತಿದ್ದಳು. ತಂಗಿಗೆ ಎಷ್ಟು ಅಭಿಮಾನ ನೋಡಿ ಎಂದು ಮ್ಯಾನೇಜರು ಎಲ್ಲರಿಗೂ ಹೇಳುತ್ತಿದ್ದರು.

*

ಟಿಕ್.

ಟೈಲರು ಮಾತು ಮುಗಿಸಿ ಕೂರುತ್ತಿದ್ದರು. ಕುರ್ಚಿಯ ಸದ್ದೆಂದುಕೊಂಡರು ಉಳಿದವರು. ತಂಗಿ ಮೇಲೆ ನೋಡಿದಳು. ಅಷ್ಟು ಅಲೆ, ಅಷ್ಟು ಗೆರೆ. ಅದರಲ್ಲಿ ಬಿರುಕು ಯಾವುದೆಂದು ಯಾರಿಗೆ ಕಾಣಬೇಕು? ಅವಳಿಗೂ ಕಾಣಲಿಲ್ಲ. ಆದರೆ ಆ ಸದ್ದನ್ನು ಅವಳ ಕಿವಿ ಮರೆಯುವುದು ಸಾಧ್ಯವಿರಲಿಲ್ಲ.

"ಏಳಿ! ಎಲ್ಲರೂ ಏಳಿ ಅಲ್ಲಿಂದ! ಗಾಜು ಒಡೆಯತ್ತೆ!"

ಎಲ್ಲರೂ ಅವಳತ್ತ ತಿರುಗಿದರು. ಆಮೇಲೆ ನಾಲ್ಕು ಜನ ಬಂದು ಅವಳ ತೋಳು ಹಿಡಿದರು. "ಪಾಪ, ಮೂರು ದಿನದಿಂದ ನಿದ್ದೆ ಇಲ್ಲ" ಎಂದಿತು ಒಂದು ದನಿ. "ಅತ್ತೆ, ತಂತಿ ನಾನೇ ಕಟ್ಟಿರೋದು ಅಂದ್ನಲ್ಲ" ಎಂದ ಮಗ. ಯಾರೂ ಏಳಲಿಲ್ಲ. ಮಗು ಇನ್ನೂ ಈಜುತ್ತಿತ್ತು.

"ತಂತಿ ಅಲ್ವೋ! ಗಾಜು! ನಾನು ಕಿಟಕಿ ಗಾಜು ಹಾಕಿದೀನಿ ಅದರೊಳಗೆ. ತೊಳೆದು ಆಮೇಲೆ ಗುರುತು ಹಾಕಿದೆ. ಅಣ್ಣನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಾನು ಹೇಳ್ಲಿಲ್ಲ!"

ತೊಳೆದು ಆಮೇಲೆ ಗುರುತು ಎಂದರೇನೆಂದು ಆ ಹಾಲಿನಲ್ಲಿ ಅರ್ಥವಾದದ್ದು ಒಬ್ಬಳಿಗೇ. ಮೂವತ್ತೊಂದು ವರ್ಷ ಶೆಡ್ಡಿಗೆ ಬೈಯುತ್ತಲೇ ಮಧ್ಯಾಹ್ನದ ಊಟ ಹೊತ್ತು ತಂದಿದ್ದ ಅತ್ತಿಗೆ ಎದ್ದು ಬಂದಳು.

"ಮೂರು ವಾರದಿಂದ ಅನ್ನ ಬಿಟ್ಟಿದ್ದು ಇದಕ್ಕಾ?"

"ಹೂಂ ಅತ್ತಿಗೆ."

"ಗೊತ್ತಿದ್ದೂ ನನ್ನ ಗಂಡನ್ನ ಅದರ ಕೆಳಗೆ ಮಲಗಿಸಕ್ಕೆ ಬಿಟ್ಯಾ?"

ಅತ್ತಿಗೆ ಉತ್ತರಕ್ಕೆ ಕಾಯಲಿಲ್ಲ. ಸರಸರ ಹೋಗಿ ಮೊಮ್ಮಗಳ ತೋಳು ಹಿಡಿದು ಎಳೆದು ಸೊಸೆಯ ಮಡಿಲಿಗೆ ತಳ್ಳಿದಳು. "ಗೋಡೆ ಹತ್ರ ಹೋಗಿ ಎಲ್ಲಾ! ಅವಳಿಗೆ ಹುಚ್ಚು ಹಿಡಿದಿಲ್ಲ, ನಿಜ ಹೇಳ್ತಿದಾಳೆ. ಎದ್ದೇಳ್ರೀ!"

ಆಗ ಎದ್ದರು ನೋಡಿ. ಕುರ್ಚಿಗಳು ಉರುಳಿದವು, ಒಬ್ಬರ ಚಪ್ಪಲಿ ಒಬ್ಬರ ಕಾಲಿಗೆ ಸಿಕ್ಕಿತು. ಅರ್ಧ ನಿಮಿಷದಲ್ಲಿ ನಾಲ್ಕೂ ಗೋಡೆಗೆ ಬೆನ್ನು ಹಚ್ಚಿ ಜನ ನಿಂತಿದ್ದರು. ನಡುವೆ ನೀಲಿ ಬೆಳಕಿನಲ್ಲಿ ಪೆಟ್ಟಿಗೆಯೊಂದೇ ಉಳಿಯಿತು.

ಹೊರಗೆ ವಾಹನ ಬಂದು ನಿಂತಿತ್ತು. ಪೆಟ್ಟಿಗೆ ತಳ್ಳಲು ನಾಲ್ಕು ಜನ ಬೇಕು ಎಂದರು ಮ್ಯಾನೇಜರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟೈಲರು ಬಗ್ಗಿ ತಮ್ಮ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು. ಮಗ ಒಂದು ಹೆಜ್ಜೆ ಮುಂದಿಟ್ಟ.

"ನಿನಗೆ ಮಗು ಇದೆ. ಅಲ್ಲೇ ನಿಲ್ಲು" ಎಂದಳು ಅವನ ಅಮ್ಮ.

ತಂಗಿ ಶಾಲು ತೆಗೆದು ನೆಲಕ್ಕೆ ಹಾಕಿ ನಡುವಿಗೆ ನಡೆದಳು. ಮೇಜನ್ನು ತಳ್ಳಿದರೆ ಕದಲಲಿಲ್ಲ. ಚಕ್ರಕ್ಕೆ ತಡೆ ಹಾಕಿದ್ದರು. ಅವಳು ಮಂಡಿಯೂರಿ ಕೆಳಗೆ ಕೈ ಹಾಕಿದಳು. ಒಂದು ಚಕ್ರ ಬಿಟ್ಟಿತು. ಇನ್ನೊಂದು ಬಿಗಿಯಾಗಿತ್ತು. ಮೇಲೆ ಮತ್ತೊಮ್ಮೆ ಟಿಕ್ ಎಂದಿತು. ಈ ಸಲ ಎಲ್ಲರಿಗೂ ಕೇಳಿಸಿತು. ತಂಗಿ ಕಣ್ಣು ಮುಚ್ಚಿದಳು.

ಪಕ್ಕದಲ್ಲಿ ಮತ್ತೊಂದು ಜೊತೆ ಮಂಡಿ ನೆಲಕ್ಕೆ ಊರಿದ ಸದ್ದಾಯಿತು.

"ಸರಿ ಆಚೆಗೆ" ಎಂದಳು ಅತ್ತಿಗೆ. "ನಿನ್ನ ಕೈ ನಡುಗ್ತಿದೆ." ಅವಳು ಎದ್ದು ಆ ತಡೆಯನ್ನು ಕಾಲಿನ ಹಿಮ್ಮಡಿಯಿಂದ ಒದ್ದು ಬಿಡಿಸಿದಳು.

ಇಬ್ಬರು ಮುದುಕಿಯರು ಸೇರಿ ತಳ್ಳಿದರು. ಮೇಜು ಮೊದಲು ಅಡ್ಡಾದಿಡ್ಡಿ ಹೋಗಿ, ಆಮೇಲೆ ದಾರಿಗೆ ಬಂತು. ಅವರ ಕೈಗಳ ಮೇಲೆ ನೀಲಿ ಅಲೆಗಳು ಹರಿದವು, ಮೊಣಕೈಗೆ ಬಂದವು, ಬೆನ್ನಿಗೆ ಹೋದವು, ಕಳಚಿಕೊಂಡವು. ಬಾಗಿಲ ಬಳಿ ಬಂದಾಗಲೇ ತಂಗಿಗೆ ಉಸಿರು ತಿರುಗಿದ್ದು. ಪೆಟ್ಟಿಗೆಯ ಮೇಲೆ ತಲೆ ಇಟ್ಟು ಅವಳು ಅತ್ತಳು, ಅಣ್ಣ ಹೋದ ಮೂರು ದಿನದಲ್ಲಿ ಮೊದಲ ಸಲ. ಅತ್ತಿಗೆ ಅವಳನ್ನು ಸಮಾಧಾನ ಮಾಡಲಿಲ್ಲ, ದೂರ ಸರಿಯಲೂ ಇಲ್ಲ.

"ಬನ್ನಿ, ಹೊರಡೋಣ" ಎಂದು ಅತ್ತಿಗೆ ಒಳಗೆ ಕೂಗಿದಳು.

ಯಾರೂ ಬರಲಿಲ್ಲ. ನಾಲ್ಕೂ ಗೋಡೆಗಳ ಉದ್ದಕ್ಕೂ ಜನ ಕತ್ತು ಎತ್ತಿ, ರೆಪ್ಪೆ ಬಡಿಯದೆ, ಗಾಜನ್ನೇ ನೋಡುತ್ತಿದ್ದರು.

"ಅದಾ ಬಿರುಕು? ಆ ಸುಳಿ ಪಕ್ಕದಲ್ಲಿ?" ಎಂದು ಟೈಲರು ಪಿಸುಗುಟ್ಟಿದರು.

"ಅಲ್ಲ, ಅದು ಮರಳಿನ ಗೆರೆ" ಎಂದರು ಮ್ಯಾನೇಜರು. "ನೋಡಿ, ಅಲ್ಲಿ ನೀರು ತಿರುಗತ್ತಲ್ಲ, ಅದರ ಕೆಳಗೆ ಇನ್ನೊಂದು ಅಲೆ ಇದೆ."

"ಹೌದಲ್ಲ. ಅದರ ಕೆಳಗೆ ಇನ್ನೊಂದು."

ಹೊರಗೆ ವಾಹನದವನು ಎರಡು ಸಲ ಹಾರ್ನ್ ಮಾಡಿದ. ಒಬ್ಬರೂ ಕಣ್ಣು ಕೆಳಗಿಳಿಸಲಿಲ್ಲ.