ಕಸ್ತೂರೆವ್ವ ಅಕ್ಕೋರಿಗೆ ಧೈರ್ಯ ಹೇಳಿದವರು

ಇಂಡಿ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದ್ದ ಕಸ್ತೂರೆವ್ವ ಅಕ್ಕೋರಿಗೆ ಎದೆಯಲ್ಲಿ ಕ್ಯಾನ್ಸರ್ ಆಯಿತು. ೧೯೬೨ರ ಬೇಸಿಗೆಯಲ್ಲಿ, ರೈಲು ಹತ್ತಿ ಹೋಗಬೇಕಾದ ಒಂದು ದೊಡ್ಡ ದವಾಖಾನೆಯಲ್ಲಿ ಎಡಮೊಲೆ ತೆಗೆದರು. ಗಾಯ ಚೆನ್ನಾಗಿ ಮಾಯಿತು. ಡಾಕ್ಟರಿಗೆ ಖುಷಿ, ಗಂಡ ಬಸಂತರಾಯನಿಗೆ ಖುಷಿ, ಓಣಿಗೆಲ್ಲ ಖುಷಿ. ಖುಷಿಯಾಗದೆ ಉಳಿದವರು ಕಸ್ತೂರೆವ್ವ ಒಬ್ಬರೇ. ಇಷ್ಟು ಜನ ಇಷ್ಟು ಕಷ್ಟಪಟ್ಟು ಬದುಕಿಸಿದ ಮೇಲೂ ಗೋಡೆಗೆ ಮುಖ ಮಾಡಿ ಮಲಗುವುದೆಂದರೆ ಏನು ಸೊಕ್ಕು ಎಂದು ಊರಿಗೆ ಬೇಸರವಾಯಿತು.

ಧೈರ್ಯ ಹೇಳುವವರಿಗೆ ಬರವಿರಲಿಲ್ಲ. ಅವರೆಲ್ಲ ಸರಿಯಾಗಿ ಊಟದ ಹೊತ್ತಿಗೇ ಬರುತ್ತಿದ್ದರು. ಬಸಂತರಾಯನ ಸೋದರತ್ತೆ ಬಾಳಮ್ಮ ಆಲಮೇಲದಿಂದ ಬಂದವಳು ತಿಂಗಳುಗಟ್ಟಲೆ ಉಳಿದು ಧೈರ್ಯ ಹೇಳಿದಳು. ಇದೇ ಬೇನೆಯಿಂದ ಸಿಂದಗಿಯಲ್ಲಿ ಯಾರು ಮೂರು ತಿಂಗಳಿಗೆ ಹೋದರು, ಬಾಗೇವಾಡಿಯಲ್ಲಿ ಯಾರು ಆರು ತಿಂಗಳಿಗೆ ಹೋದರು ಎಂದು ವಿವರವಾಗಿ ಹೇಳಿ, ಕೊನೆಗೆ ನಿನಗೆ ಹಾಗೇನೂ ಆಗುವುದಿಲ್ಲ ಎನ್ನುತ್ತಿದ್ದಳು. ಹೆಡ್‌ಮಾಸ್ತರರು ಮನಸ್ಸನ್ನು ಉಲ್ಲಾಸವಾಗಿಡಿ ಎಂದು ಚೀಟಿ ಕಳಿಸಿದರು, ಉಲ್ಲಾಸವೇನೋ ಗೋಡೆಯ ಮಾಡದೊಳಗಿನ ಡಬ್ಬಿಯಲ್ಲಿದೆ ಎಂಬಂತೆ. ಬಸಂತರಾಯ ಪೇಪರಿನ ನಗೆಹನಿಗಳನ್ನು ಜೋರಾಗಿ ಓದಿ ತಾನೇ ನಗುತ್ತಿದ್ದ.

ಕಸ್ತೂರೆವ್ವನಿಗೆ ಬಾಚಣಿಗೆ ಎತ್ತುವುದೂ ಭಾರವಾಗಿತ್ತು. ರೊಟ್ಟಿ ಮಣ್ಣಿನ ಹಾಗೆ. ಹಿತ್ತಿಲ ಬಾವಿಯ ಮುಂದೆ ಒಂದು ಮಧ್ಯಾಹ್ನ ಬಹಳ ಹೊತ್ತು ನಿಂತಿದ್ದರು. ಕಂಡವರು, ಗಾಳಿಗೆ ನಿಂತಿದ್ದು ಒಳ್ಳೆಯದೇ ಆಯಿತು ಎಂದರು.

ಪಂಚಮಿಗೆ ಮುಂಚೆ ಬಳೆ ಇಡಲು ರಾಜಬಿ ಬಂದಳು. ಆಪರೇಶನ್ ಆದಾಗಿನಿಂದ ಎಡಗೈ ಬಾತಿದೆ, ಬಲಗೈಗಷ್ಟೇ ಇಡು ಎಂದು ಬಾಳಮ್ಮ ಅಪ್ಪಣೆ ಕೊಟ್ಟಳು. ರಾಜಬಿ ಚಹಾ ಬೇಕೆಂದು ಅವಳನ್ನು ಒಲೆಯ ಕಡೆ ಕಳಿಸಿ, ಬಾತ ಕೈಯನ್ನೇ ತೊಡೆಯ ಮೇಲೆ ಇಟ್ಟುಕೊಂಡಳು.

"ಈ ಕೈಗೆ ಬ್ಯಾರೆ ಅಳತಿ ಬೇಕ್ರಿ ಅಕ್ಕೋರ," ಎಂದಳು. ಬಳೆ ಹುಡುಕುತ್ತ ಅದೇ ದನಿಯಲ್ಲಿ ಕೇಳಿದಳು: "ಸತ್ತ ಹೋಗಬೇಕು ಅನ್ನಸ್ತೈತೇನ್ರಿ?"

ಇಷ್ಟು ಜನ ಬಂದು ಹೋಗಿದ್ದರು, ಇದನ್ನು ಯಾರೂ ಕೇಳಿರಲಿಲ್ಲ.

"ದಿನಾ ಅನ್ನಸ್ತೈತಿ," ಎಂದರು ಕಸ್ತೂರೆವ್ವ.

"ನಮ್ಮಕ್ಕ ಸುಗ್ರಾಗೂ ಇದ ಬ್ಯಾನಿ ಇತ್ರಿ. ನಾವೆಲ್ಲಾ ಧೈರ್ಯ ಹೇಳಿದ್ವಿ, ಹಿಂಗ ಅನ್ನಸ್ತೈತೇನು ಅಂತ ಯಾರೂ ಕೇಳಲಿಲ್ಲ. ಆಕಿ ಬಾವಿಗಿ ಬಿದ್ಲು. ಬ್ಯಾನಿಯಿಂದ ಸಾಯಲಿಲ್ರಿ ಆಕಿ."

ಚಹಾ ಬರುವವರೆಗೂ ಕಸ್ತೂರೆವ್ವ ಅತ್ತರು. ರಾಜಬಿ ಕೈ ಬಿಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೋಗುವಾಗ ಕಟ್ಟೆಯ ಮೇಲಿದ್ದ ಬಸಂತರಾಯನಿಗೆ, ಅಕ್ಕೋರನ್ನು ಒಬ್ಬರನ್ನೇ ಬಿಡಬೇಡಿ, ನಗೆಹನಿ ಮಾತ್ರ ಬಿಟ್ಟುಬಿಡಿ ಎಂದು ಮುಖಕ್ಕೇ ಹೇಳಿದಳು. ತಾಲೂಕು ಕಚೇರಿಯ ಗುಮಾಸ್ತನಾದ ತನಗೆ ಬಳೆಗಾರ್ತಿಯ ಬುದ್ಧಿವಾದವೇ ಎಂದು ಅವನು ಸಿಟ್ಟಾದ. ಆಮೇಲೆ ಒಳಗೆ ಹೋಗಿ ಹೆಂಡತಿಯ ಮುಖ ನೋಡಿದ. ಸಂಜೆಯೊಳಗೆ ಬಾವಿಗೆ ಹಲಗೆ ಮುಚ್ಚಿಸಿದ. ಮರುದಿನದಿಂದ ಹಲಗೆ ಸರಿಸಿ ತಾನೇ ನೀರು ಸೇದತೊಡಗಿದ; ಓಣಿಗೆ ನಗಲು ಹೊಸ ವಿಷಯ ಸಿಕ್ಕಿತು. ಬಾಳಮ್ಮನನ್ನು ಬಸ್ಸು ಹತ್ತಿಸಿದ. ಪಾಪ, ಇನ್ನು ಧೈರ್ಯ ಹೇಳುವವರಿಲ್ಲ ಎಂದು ಅವಳು ಬಸ್ಸಿನ ತುಂಬ ಮರುಗಿದಳಂತೆ.

ರಾಜಬಿ ಸಂತೆಗೊಮ್ಮೆ ಬರತೊಡಗಿದಳು. ಕೆಲವು ಸಂತೆ ಇಬ್ಬರೂ ಮಾತಾಡದೆ ಕೂತು ಎದ್ದದ್ದೂ ಉಂಟು. ದೀಪಾವಳಿಯ ಮುಂದೆ ದವಾಖಾನೆಗೆ ಹೋದಾಗ ಡಾಕ್ಟರು ಗಾಯ ನೋಡಿ 'ಪ್ರಕೃತಿ ಉತ್ತಮ' ಎಂದು ಬರೆದರು. ಮನಸ್ಸು ಉತ್ತಮವಿಲ್ಲ, ಅದನ್ನೂ ಬರೆಯಿರಿ ಎಂದರು ಕಸ್ತೂರೆವ್ವ. ಡಾಕ್ಟರು ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿದರು. ಅದಕ್ಕೆ ಜಾಗವೇ ಇರಲಿಲ್ಲ. ಟಾನಿಕ್ ಬರೆದುಕೊಟ್ಟರು.

ದೀಪಾವಳಿ ರಜೆ ಮುಗಿದ ಮೇಲೆ ಕಸ್ತೂರೆವ್ವ ಅರ್ಧ ದಿನದ ಮಟ್ಟಿಗೆ ಶಾಲೆಗೆ ಹೋಗತೊಡಗಿದರು. ಏಳಲಾಗದ ಬೆಳಗುಗಳು ಇನ್ನೂ ಇದ್ದವು. ಅಂಥ ದಿನ ಬಸಂತರಾಯ ಶಾಲೆಗೆ ಚೀಟಿ ಕಳಿಸಿ, ಕಚೇರಿಗೆ ತಡವಾದರೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದ. ಮೊದಲ ದಿನ ತರಗತಿಯಲ್ಲಿ ಒಬ್ಬ ಹುಡುಗಿ, ಅಕ್ಕೋರೇ ನಿಮಗೇನಾಗಿತ್ತು ಎಂದು ಕೇಳಿಯೇಬಿಟ್ಟಳು. ಕಸ್ತೂರೆವ್ವ ಕ್ಯಾನ್ಸರ್ ಎಂದರು, ಬಹಳ ದುಃಖವೂ ಆಗಿತ್ತು ಎಂದರು, ಹದಿಮೂರರ ಮಗ್ಗಿ ಶುರುಮಾಡಿಸಿದರು.