ಹೊರಗಿನ ವಿಳಾಸ

ಗಂಡ ದ್ವೀಪಕ್ಕೆ ಹೋದಂದಿನಿಂದ ಅವಳಿಗೆ ಪಿಂಗ್ ಮಾಡುವ ಚಾಳಿ ಹತ್ತಿಕೊಂಡಿತ್ತು. ಸಂಜೆ ಕೆಲಸ ಮುಗಿಸಿ ಬಂದವಳೇ ಕೈಕಾಲು ತೊಳೆಯುವ ಮೊದಲೇ ಕಂಪ್ಯೂಟರ್ ತೆರೆದು, ಅವನ ಕೋಣೆಯ ಮೋಡೆಮ್ಮಿನ ಅಂಕಿಗಳ ವಿಳಾಸ ಹಾಕುವಳು. ಪಿಂಗ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುತ್ತದೆ, ಅದು ‘ಇದ್ದೀನಿ’ ಎನ್ನುತ್ತದೆ, ಅಷ್ಟೇ. ಮೋಡೆಮ್ಮನ್ನು ಬೋರಲು ಹಾಕಿ, ಅಡಿಯಲ್ಲಿ ಅಂಟಿಸಿದ್ದ ವಿಳಾಸವನ್ನು ಅವನೇ ಫೋನಿನಲ್ಲಿ ಓದಿ ಹೇಳಿದ್ದ. ಉತ್ತರ ರೆಪ್ಪೆ ಬಡಿಯುವುದರೊಳಗೆ ಬರುತ್ತಿತ್ತು. ಸಮುದ್ರದಾಚೆ ಇರುವವನು ಬಾಗಿಲ ಹಿಂದೆಯೇ ನಿಂತಿದ್ದಾನೇನೋ ಎನ್ನುವಷ್ಟು ಬೇಗ.

ಇಂಟರ್ನೆಟ್ ಕಂಪನಿಯಲ್ಲಿ ಅವಳ ಕೆಲಸ ಕೇಬಲ್ಲುಗಳ ತುದಿಗೆ ಪ್ಲಗ್ ಕೂರಿಸುವುದು. ಅದೇ ಕಂಪನಿಯ ದ್ವೀಪದ ಕೇಂದ್ರದಲ್ಲಿ ಅವನು ಜನರೇಟರ್ ನೋಡಿಕೊಳ್ಳುತ್ತಿದ್ದ. ಅಲ್ಲೇ ಇನ್ನೊಂದು ಜಾಗ ಖಾಲಿಯಿತ್ತು. ಆದರೆ ನೆಟ್‌ವರ್ಕಿಂಗಿನ ಮೊದಲ ಹಂತದ ಪರೀಕ್ಷೆ ಪಾಸಾದವರಿಗೆ ಮಾತ್ರ. ಪಾಸಾದರೆ ಇಬ್ಬರಿಗೂ ಒಂದೇ ಕೋಣೆ. ಆದರೂ ಅವಳು ಎರಡು ಸಲ ದಿನಾಂಕ ಮುಂದಕ್ಕೆ ಹಾಕಿಸಿದ್ದಳು. ಆತುರವೇನು, ಕರೆದರೆ ಓ ಎನ್ನುವಷ್ಟು ಹತ್ತಿರದಲ್ಲೇ ಇದ್ದಾನಲ್ಲ. ಈ ಸೋಮವಾರದ ಪರೀಕ್ಷೆಯನ್ನೂ ಮುಂದೂಡುವ ಯೋಚನೆಯಲ್ಲಿ, ದಿನಾಂಕ ಬದಲಿಸುವ ಪುಟವನ್ನು ಬೆಳಗ್ಗೆಯೇ ತೆರೆದಿಟ್ಟು ಕೆಲಸಕ್ಕೆ ಬಂದಿದ್ದಳು.

ಊಟದ ಬಿಡುವಿನಲ್ಲಿ ಅವಳ ಮಾದರಿ ಪ್ರಶ್ನೆಪತ್ರಿಕೆ ತಿದ್ದಿದ್ದು ಏಣಿ ಮಾವ. ಕಂಬ ಹತ್ತುವ ಹಳೆಯ ಕೈ; ಹೆಗಲ ಮೇಲೆ ಸದಾ ಏಣಿ, ಅದಕ್ಕೇ ಆ ಹೆಸರು.

“ಇದು ತಪ್ಪು ತಾಯಿ. ನೂರ ತೊಂಬತ್ತೆರಡರಿಂದ ಶುರುವಾಗೋ ಈ ವಿಳಾಸ ಮನೆಯೊಳಗಿಂದು. ಹೊರಗಡೆ ನಡೆಯಲ್ಲ.”

“ನಡೆಯುತ್ತೆ ಮಾವ. ಇವರ ಕೋಣೇಗೆ ನಾನು ದಿನಾ ಪಿಂಗ್ ಮಾಡ್ತೀನಿ. ಉತ್ತರ ಬರುತ್ತೆ.”

“ಎಲ್ಲಾ ಮನೆ ಮೋಡೆಮ್ಮಿಗೂ ಹೆಚ್ಚುಕಮ್ಮಿ ಅದೇ ವಿಳಾಸ ಕಣಮ್ಮ. ನೀನು ನಿಮ್ಮನೇಲಿ ‘ಅಮ್ಮಾ’ ಅಂತ ಕೂಗಿದ್ರೆ ನಿಮ್ಮಮ್ಮ ಓ ಅಂತಾಳೆ. ನಮ್ಮಮ್ಮ ಯಾಕೆ ಅಂತಾಳೆ?”

ಅವಳು ತಾನು ಬರೆದಿದ್ದ ವಿಳಾಸವನ್ನು ಮತ್ತೊಮ್ಮೆ ಓದಿದಳು. ಮಾವ ನಗಲಿಲ್ಲ. “ಮನೆಗೆ ಹೋಗಿ ಹೊರಗಿನ ವೈರ್ ಕಿತ್ತು ನೋಡು,” ಎಂದು ಏಣಿ ಎತ್ತಿಕೊಂಡ.

ಸಂಜೆ ಅವಳು ವೈರ್ ಕಿತ್ತಳು. ಮೋಡೆಮ್ಮಿನ ದೀಪ ಕೆಂಪಾಯಿತು. ವಿಳಾಸ ಹಾಕಿದಳು. ಇದ್ದೀನಿ, ಇದ್ದೀನಿ, ಇದ್ದೀನಿ. ಅದೇ ಚುರುಕು. ಉತ್ತರ ಕೊಡುತ್ತಿದ್ದುದು ಅವಳದೇ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಧೂಳು ತಿನ್ನುತ್ತಿದ್ದ ಪೆಟ್ಟಿಗೆ. ಒಮ್ಮೆ ಜ್ವರ ಬಂದಾಗ ಕಂಬಳಿಯೊಳಗಿಂದ ಕೈ ಚಾಚಿ ಪಿಂಗ್ ಮಾಡಿದ್ದಕ್ಕೆ ಓ ಎಂದದ್ದೂ ಇದೇ. ಅವತ್ತು ಅವಳಿಗೆ ಎಷ್ಟು ಚೆನ್ನಾಗಿ ನಿದ್ದೆ ಬಂದಿತ್ತು.

ವೈರ್ ಮತ್ತೆ ಸಿಕ್ಕಿಸಿ ಫೋನ್ ಮಾಡಿದಳು.

“ನಿನ್ನ ಮೋಡೆಮ್ಮು ಇಷ್ಟು ದಿನ ನನ್ನ ಜೊತೆ ಮಾತೇ ಆಡಿಲ್ಲ ಕಣೋ.”

“ಮತ್ತೆ ಆಡಿದ್ಯಾರು?”

“ನಮ್ಮನೇದು. ಉಪ್ಪಿನ ಡಬ್ಬಿ ಪಕ್ಕದ್ದು.”

ಅವನು ಬಿದ್ದು ಬಿದ್ದು ನಕ್ಕ. “ಚೆನ್ನಾಯ್ತು ಬಿಡು. ನಾನಿಲ್ಲಿ ಒಣಗ್ತಾ ಇದ್ದೀನಿ, ನೀನಲ್ಲಿ ಡಬ್ಬಿ ಜೊತೆ ಸಂಸಾರ ಮಾಡ್ತಿದ್ದೀಯ.”

ಅವಳೂ ನಗಲು ಹೋದಳು, ಅರ್ಧಕ್ಕೇ ನಿಂತಿತು. ಆಚೆ ಕಡೆಯ ನಗುವೂ ನಿಂತಿತು.

“ಏ, ಪರೀಕ್ಷೆ ಸೋಮವಾರ ತಾನೆ?”

ಅದಕ್ಕೆ ಉತ್ತರಿಸದೆ, “ನಿಮ್ಮ ಕೇಂದ್ರದ ಹೊರಗಿನ ವಿಳಾಸ ಯಾರನ್ನಾದ್ರೂ ಕೇಳು,” ಎಂದಳು.

ಅವನು ಫೋನ್ ಹಿಡಿದುಕೊಂಡೇ ನಡೆದ. ಗಾಳಿ, ತಗಡಿನ ಬಾಗಿಲು, ಯಾರದೋ ಕೆಮ್ಮು. ಆಮೇಲೆ ಒಂದೊಂದೇ ಅಂಕಿ ಓದಿದ. ಅವಳು ಬರೆದು ಗುಂಡಿ ಒತ್ತಿದಳು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಬಂತು, ಉಪಗ್ರಹದವರೆಗೆ ಹತ್ತಿ ಇಳಿದು, ಏದುಸಿರು ಬಿಡುತ್ತಾ ಬಂದಂತೆ ತಡವಾಗಿ.

“ಬಂತಾ?”

“ಬಂತು. ಎಷ್ಟು ದೂರ ಇದ್ದೀಯೋ ನೀನು.”

ಆಚೆ ಕಡೆ ಗಾಳಿ ಬೀಸುತ್ತಿತ್ತು.

“ಸೋಮವಾರಾನೇ,” ಎಂದಳು ಅವಳು. “ಫೋನ್ ಇಡ್ಲಾ? ಓದ್ಬೇಕು.”

ಬೆಳಗ್ಗೆಯಿಂದ ಕಾಯುತ್ತಿದ್ದ ಆ ಪುಟವನ್ನು ಮುಚ್ಚಿ, ಪುಸ್ತಕದಲ್ಲಿ ವಿಳಾಸಗಳ ಪಾಠವನ್ನು ಮೊದಲಿನಿಂದ ತೆಗೆದಳು. ಪರದೆಯ ಮೂಲೆಯಲ್ಲಿ ಪಿಂಗ್ ಓಡುತ್ತಲೇ ಇತ್ತು. ಒಂದೊಂದು ಸಲ ಉತ್ತರ ತಪ್ಪುತ್ತಿತ್ತು. ಆಗ ಅವಳು ಬೆರಳನ್ನು ಓದುತ್ತಿದ್ದ ಸಾಲಿನ ಮೇಲೇ ಇಟ್ಟು ಕಾಯುವಳು. ಮುಂದಿನದು ಬಂದ ಮೇಲೆ ಹಾಳೆ ತಿರುಗಿಸುವಳು.