ಬೆಕ್ಕಿನ ಹಣೆಯ ಬೊಟ್ಟು

ತೊಂಬತ್ತಾರನೇ ಇಸವಿಯ ಜನವರಿಯಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿನವರೆಗೆ ಬಿದ್ದ ಹಿಮವನ್ನೆಲ್ಲ ಒಂದೇ ಬೆಳಗಿನಲ್ಲಿ ತುಳಿದು ದೋಸೆಕಾವಲಿಯಷ್ಟು ಚಪ್ಪಟೆ ಮಾಡಿದವನು ನಾನು. ಆ ಹಿಮ ಎಷ್ಟಿತ್ತೆಂದರೆ, ನಮ್ಮೂರು ಎಲಿಕಾಟ್ ಸಿಟಿಯ ಚರ್ಚಿನ ಗೋಪುರದ ತುದಿಗೆ ನನ್ನ ಮಫ್ಲರ್ ಕಟ್ಟಿ ಬಂದೆ. ಅದಕ್ಕೂ ಸ್ವಲ್ಪ ಬಗ್ಗಬೇಕಾಯಿತು. ನಂಬದವರು ಡಾಕ್ಟರ್ ಬಾಲಸುಬ್ರಹ್ಮಣ್ಯ ಅವರನ್ನು ಕೇಳಬಹುದು. ಕೇಳದಿದ್ದರೆ ಇನ್ನೂ ಒಳ್ಳೆಯದು.

ಡಾಕ್ಟರು ನಮ್ಮ ಪಕ್ಕದ ಮನೆಯವರು. ಎಪ್ಪತ್ತೊಂದರಲ್ಲಿ ಮೈಸೂರಿನಿಂದ ಬಂದು ಕಿಡ್ನಿ ಡಾಕ್ಟರಾಗಿ ನೆಲೆನಿಂತವರು. ಮಾತು ಕಡಿಮೆ. ಅವರಿಗೆ ಕಡಿಮೆಯಾದ ಮಾತನ್ನೆಲ್ಲ ದೇವರು ನನಗೆ ಕೊಟ್ಟಿದ್ದಾನೆ ಎಂದು ಅವರ ಹೆಂಡತಿ ಜಯಾ ಹೇಳುವುದುಂಟು. ನಾನು ಹರಿಪ್ರಸಾದ. ವಾಷಿಂಗ್ಟನ್ನಿನ ಒಂದು ಫೆಡರಲ್ ಕಚೇರಿಯಲ್ಲಿ ಇಡೀ ಅಮೆರಿಕದ ಕೋಳಿಮೊಟ್ಟೆಗಳ ಲೆಕ್ಕ ನನ್ನ ಕೈಯಲ್ಲಿತ್ತು. ನಾನು ರಜೆ ಹಾಕಿದ ದಿನ ಕೋಳಿಗಳು ಮೊಟ್ಟೆ ಇಡಲು ಹಿಂದೆಮುಂದೆ ನೋಡುತ್ತಿದ್ದವು.

ಡಾಕ್ಟರ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಬೆಕ್ಕು ಇತ್ತು. ಸ್ನೋಕ್ಯಾಟ್ ಎನ್ನುತ್ತಾರಲ್ಲ, ಚಕ್ರದ ಬದಲು ಟ್ಯಾಂಕರಿನ ಹಾಗೆ, ಅಲ್ಲ, ಯುದ್ಧದ ಟ್ಯಾಂಕಿನ ಹಾಗೆ ಎರಡು ಅಗಲವಾದ ಪಟ್ಟಿಗಳ ಮೇಲೆ ಹಿಮದಲ್ಲಿ ತೆವಳುವ ಗಾಡಿ, ಅದು. ಅರವತ್ತರ ದಶಕದ್ದು, ಕಿತ್ತಳೆ ಬಣ್ಣ, ನಾಲ್ಕು ಜನ ಕೂರುವ ತಗಡಿನ ಗೂಡು. ಅದನ್ನು ಅವರು ತಂದದ್ದು ಶೋಕಿಗಲ್ಲ. ತೊಂಬತ್ತಮೂರರ ಮಾರ್ಚಿ ತಿಂಗಳ ಹಿಮದಲ್ಲಿ ಅವರ ರೋಗಿ ರೇಣುಕಾದೇವಿ ಎರಡು ದಿನ ಡಯಾಲಿಸಿಸ್ ಇಲ್ಲದೆ ಮನೆಯಲ್ಲಿ ಸಿಕ್ಕಿಬಿದ್ದಿದ್ದರು. ದಾವಣಗೆರೆಯ ಹೆಂಗಸು, ಅರವತ್ತೆಂಟು ವಯಸ್ಸು. ಹೊಳೆಯಾಚೆ ದಿಬ್ಬದ ತುದಿಯ ಮಣ್ಣುರಸ್ತೆಯಲ್ಲಿ ಮಗನ ಮನೆ. ಆ ದಾರಿಗೆ ಹಿಮ ತೆಗೆಯುವ ಲಾರಿ ಬರುವುದು ಎಲ್ಲ ರಸ್ತೆಗಳೂ ಮುಗಿದಮೇಲೆ. ಮೂರನೆಯ ದಿನ ಕರೆತಂದಾಗ ಅವರ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಉಳಿದರು. ಡಾಕ್ಟರು ಅದನ್ನು ಮರೆಯಲಿಲ್ಲ. ಬೇಸಿಗೆಯಲ್ಲಿ ಪಶ್ಚಿಮ ಮೇರಿಲ್ಯಾಂಡಿನ ಬೆಟ್ಟದ ಮೇಲೆ ಮುಚ್ಚಿಹೋಗಿದ್ದ ಒಂದು ಸ್ಕೀ ಮೈದಾನಕ್ಕೆ ಹೋಗಿ, ತುಕ್ಕು ಹಿಡಿದು ನಿಂತಿದ್ದ ಈ ಗಾಡಿಯನ್ನು ಎಳೆಸಿಕೊಂಡು ಬಂದರು.

ಎರಡು ವರ್ಷ ರಿಪೇರಿ. ಹಳೆಯ ಎಂಜಿನ್ ಸತ್ತೇಹೋಗಿತ್ತು. ಅಪಘಾತವಾದ ಒಂದು ಪಿಕಪ್ ಲಾರಿಯಿಂದ ಹೊಸ ಕಾಲದ ಎಂಜಿನ್ ಇಳಿಸಿ ಇದಕ್ಕೆ ಕೂರಿಸಿದರು. ಕಂಪ್ಯೂಟರ್ ಇರುವ, ಪೆಟ್ರೋಲನ್ನು ಎಲೆಕ್ಟ್ರಿಕ್ ಪಂಪು ಒತ್ತಿ ಕಳಿಸುವ ಎಂಜಿನ್. ಪೆಟ್ರೋಲ್ ಟ್ಯಾಂಕು ಮಾತ್ರ ಹಳೆಯದೇ ಉಳಿಯಿತು. ಎಂಜಿನ್ನನ್ನು ಒಂದೇ ಕೈಯಲ್ಲಿ ಎತ್ತಿ ಇಟ್ಟವನು ನಾನು. ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇತ್ತು.

ತೊಂಬತ್ತೈದರ ದಸರಾ ಹೊತ್ತಿಗೆ ಬೆಕ್ಕು ಹಿತ್ತಲಿನ ಹುಲ್ಲಿನ ಮೇಲೆ ಓಡಾಡಿತು. ಆಯುಧಪೂಜೆಗೆ ಹೊರಗೆ ನಿಲ್ಲಿಸಿ ಜಯಾ ಅರಿಶಿನ ಕುಂಕುಮ ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇದಕ್ಕೆ ಮುಖ ಯಾವ ಕಡೆ ಹರಿ? ಎರಡೂ ಕಡೆ ಒಂದೇ ಥರ ಇದೆ."

"ದೀಪ ಇರೋ ಕಡೆ ಮುಖ ಅತ್ತಿಗೆ. ನೀವು ಮುಂದೆ ಇಟ್ಟುಬಿಡಿ, ಮಿಕ್ಕಿದ್ದು ನಂಗೆ ಬಿಡಿ. ನಮ್ಮ ತಾತನಿಗೆ ಮಹಾರಾಜರು ಕೈಯಾರೆ ಕೊಟ್ಟ ಗಂಧದ ಕೊರಡು ತಂದಿದೀನಿ. ಸ್ಟೇಟ್ಸಲ್ಲಿ ಇಂಥದ್ದು ಇನ್ನೊಂದಿಲ್ಲ."

ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ರೇಣುಕಮ್ಮ ಕೇಳಿದರು, "ಯಾಕಪ್ಪ, ಅರಮನೆಯಾಗೆ ಗಂಧ ತೇಯೋ ಕೆಲಸ ಏನು ನಿಮ್ಮ ತಾತಂದು?"

"ಇಲ್ಲಮ್ಮ, ಸಲಹೆ ಕೊಡ್ತಿದ್ರು."

"ಹೌದೌದು. ನಿಮ್ಮ ವಂಶಕ್ಕೇ ಅದು ಬಂದೈತಿ ಬಿಡು."

ನಾನು ಗಂಧ ತೇಯ್ದು, ಮೇಲೆ ಕುಂಕುಮ ಒತ್ತಿ, ಬೆಕ್ಕಿನ ಕಿವಿಯಿಂದ ಬಾಲದವರೆಗೆ ಬೊಟ್ಟು ಇಟ್ಟೆ. ಬಾಗಿಲಿನ ಹಿಡಿ, ಸ್ಟೀರಿಂಗಿನ ಬದಲಿಗಿದ್ದ ಎರಡು ಸನ್ನೆಗೋಲು, ಹಿಂದಿನ ದೀಪ, ಯಾವುದನ್ನೂ ಬಿಡಲಿಲ್ಲ. ಪಟ್ಟಿಗಳ ಕೆಳಗೆ ನಿಂಬೆಹಣ್ಣು ಚಚ್ಚಿಹೋದವು. ಎಲ್ಲರೂ ಚಿತ್ರಾನ್ನ ತಿಂದೆವು. ರೇಣುಕಮ್ಮನಿಗೆ ಅಳತೆ ಮಾಡಿ ಅರ್ಧ ಸೌಟು.

ಆಮೇಲೆ ಶುರುವಾಯಿತು ಕಾಯಿಲೆ. ಬೆಕ್ಕು ಚೆನ್ನಾಗಿ ಓಡುತ್ತಿತ್ತು, ಇಪ್ಪತ್ತನೆಯ ನಿಮಿಷಕ್ಕೆ ಕುಂಯ್ ಎಂದು ಸಣ್ಣಗೆ ಅಳುತ್ತ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆನ್ನುವಂತೆ ಮತ್ತೆ ಹೊರಡುತ್ತಿತ್ತು. ಡಾಕ್ಟರು ಒಂದು ನೋಟ್‌ಬುಕ್ ಇಟ್ಟರು. ಒಂದು ಸಲಕ್ಕೆ ಒಂದೇ ಬದಲಾವಣೆ, ರೋಗಿಗೆ ಔಷಧ ಬದಲಾಯಿಸುವ ಹಾಗೆ. ಪೆಟ್ರೋಲಿನ ಫಿಲ್ಟರ್ ಬದಲಾಯಿಸಿದರು. ಕಂಪ್ಯೂಟರಿಗೆ ಹೋಗುವ ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕುಂಯ್ ಎನ್ನುವುದು ಪಂಪು ಎಂದು ಗೊತ್ತಾಗಿ ಹೊಸ ಪಂಪು ಹಾಕಿದರು. ಹೊಸದೂ ಹಳೆಯದರ ರಾಗವನ್ನೇ ಹಾಡಿತು.

ನನಗೆ ಮಾತ್ರ ಕಾರಣ ಮೊದಲೇ ಗೊತ್ತಿತ್ತು. ಪೂಜೆ ಮಾಸಿದೆ, ಅಷ್ಟೇ. ಅದಕ್ಕೆ ಪ್ರತಿ ಸಲ ಗಾಡಿ ಹೊರತೆಗೆಯುವ ಮುಂಚೆ ಬೊಟ್ಟುಗಳನ್ನು ಹೊಸದಾಗಿ ಇಟ್ಟೆ. ಮುಂದಿನ ಸಲ ಹದಿನೇಳನೆಯ ನಿಮಿಷಕ್ಕೆ ನಿಂತಿತು. ಅದರ ಮುಂದಿನ ಸಲ ಹದಿನೈದು. ಬೊಟ್ಟು ಇನ್ನೂ ದಪ್ಪವಾಗಬೇಕು ಎಂದುಕೊಂಡೆ.

ಡಿಸೆಂಬರ್ ನಡುವಿನಲ್ಲಿ ಬಜೆಟ್ಟಿನ ಜಗಳಕ್ಕೆ ಫೆಡರಲ್ ಸರ್ಕಾರವೇ ಬಾಗಿಲು ಹಾಕಿತು. ನಾನಿಲ್ಲದೆ ಮೂರು ವಾರ ಈ ದೇಶ ನಡೆಯಿತೆಂಬುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆ ಮೂರು ವಾರವೂ ಡಾಕ್ಟರ ಗ್ಯಾರೇಜಿನಲ್ಲೇ ಇದ್ದೆ. ಪೆಟ್ರೋಲ್ ಹಾಕುವ ಜವಾಬ್ದಾರಿ ಪೂರ್ತಿ ನನ್ನದು. ಟ್ಯಾಂಕಿನ ಮುಚ್ಚಳ ತಿರುಗಿಸಿದೊಡನೆ ಬೆಕ್ಕು ಒಳಗಿನಿಂದ ಫುಸ್ ಎನ್ನುತ್ತಿತ್ತು. ಬೇರೆ ಯಾರು ಮುಟ್ಟಿದರೂ ಹಾಗೆ ಎನ್ನುತ್ತಿರಲಿಲ್ಲ, ಯಾಕೆಂದರೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನನ್ನನ್ನು ಗುರುತು ಹಿಡಿದು ಗೌರವ ತೋರಿಸುತ್ತಿದೆ ಎಂದು ತಿಳಿದಿದ್ದೆ.

ಜನವರಿ ಏಳು, ಭಾನುವಾರ, ಹಿಮ ಶುರುವಾಯಿತು. ಸೋಮವಾರ ಬೆಳಿಗ್ಗೆ ಎದ್ದರೆ ರಸ್ತೆ ಯಾವುದು, ಹಿತ್ತಲು ಯಾವುದು ತಿಳಿಯದು. ರೇಣುಕಮ್ಮನಿಗೆ ಡಯಾಲಿಸಿಸ್ ಸೋಮವಾರ, ಬುಧವಾರ, ಶುಕ್ರವಾರ. ಶುಕ್ರವಾರವಾದ ಮೇಲೆ ಎರಡು ಪೂರ್ತಿ ದಿನ ಕಳೆದಿದ್ದವು. ಮಗ ಬ್ಯಾಂಕಿನ ಕೆಲಸಕ್ಕೆಂದು ದಕ್ಷಿಣದ ಷಾರ್ಲೆಟ್ ನಗರಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಕ್ಲಿನಿಕ್ಕಿನಲ್ಲಿ ಒಬ್ಬ ನರ್ಸು ಹಿಂದಿನ ದಿನದಿಂದ ಅಲ್ಲೇ ಉಳಿದಿದ್ದಳು. ಡಾಕ್ಟರು ರೇಣುಕಮ್ಮನಿಗೆ ಫೋನು ಮಾಡಿ ಇಟ್ಟರು.

"ಮಲಗೋಕೆ ಆಗ್ತಿಲ್ವಂತೆ. ಕೂತ್ಕೊಂಡೇ ಇದಾರೆ," ಎಂದರು.

ನಾನು ಲೆಕ್ಕ ಹಾಕಿದೆ. ಅವರ ಮನೆಗೆ ಎರಡು ಮೈಲಿ, ಅಲ್ಲಿಂದ ಕ್ಲಿನಿಕ್ಕಿಗೆ ನಾಲ್ಕು. ಬೆಕ್ಕು ಈಗ ಓಡುವುದು ಹನ್ನೆರಡು ನಿಮಿಷ, ಮಲಗುವುದು ಮೂವತ್ತು.

ಜಯಾ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕೊಟ್ಟರು. "ನಿಂತ್ರೆ ನಿಲ್ಲತ್ತೆ, ಮತ್ತೆ ಹೊರಡತ್ತೆ ತಾನೆ? ಹೋಗಿ ಬನ್ನಿ. ಹರಿ, ನೀನು ಮಾತಾಡಿ ಅದನ್ನ ಸುಸ್ತು ಮಾಡ್ಬೇಡ."

ಹೊರಡುವ ಮುಂಚೆ ಯಾರೂ ನೋಡದಿದ್ದಾಗ ಇನ್ನೊಂದು ಸುತ್ತು ಬೊಟ್ಟು ಇಟ್ಟೆ.

ಹೋಗುವಾಗ ಒಂದು ಸಲ ನಿಂತಿತು. ಕಾದು ಹೊರಟು ದಿಬ್ಬ ಹತ್ತಿದೆವು. ರೇಣುಕಮ್ಮ ಕೋಟು ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು. ನಾಲ್ಕು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದರು. ಇಬ್ಬರೂ ಹಿಡಿದು ಕೂರಿಸಿದೆವು. ಇಳಿಜಾರು ಇಳಿದು ಹೊಳೆಯ ಸೇತುವೆ ಮುಟ್ಟುವಷ್ಟರಲ್ಲಿ ಕುಂಯ್ ಶುರುವಾಯಿತು. ಬೆಕ್ಕು ನಿಂತಿತು. ಇನ್ನೂ ಮೂರು ಮೈಲಿ ಇತ್ತು.

ಗೂಡಿನೊಳಗೆ ಎಂಜಿನ್ನಿನ ಬಿಸಿ ಮೆಲ್ಲಗೆ ಇಳಿಯತೊಡಗಿತು. ಡಾಕ್ಟರು ತಿರುಗಿ ಕೂತು ರೇಣುಕಮ್ಮನ ನಾಡಿ ಹಿಡಿದರು. ನಾನು ಚಿಕ್ಕಂದಿನಲ್ಲಿ ನಿಂತುಹೋದ ರೈಲನ್ನು ಬರಿಗೈಯಲ್ಲಿ ತಳ್ಳಿದ ಪ್ರಸಂಗ ಹೇಳಹೊರಟೆ.

"ಒಂದೀಟು ಸುಮ್ಕಿರಪ್ಪ," ಎಂದರು ರೇಣುಕಮ್ಮ. "ಡಾಕ್ಟ್ರೇ, ನಿಮ್ಮ ಬೆಕ್ಕು ನಿಲ್ಲೋಕೆ ಮುಂಚೆ ಅಳತೈತಲ್ಲ, ಆ ಸದ್ದು ನಂಗೊತ್ತು."

"ಪಂಪಿನ ಸದ್ದಮ್ಮ. ಹೊಸದು ಹಾಕಿದ್ರೂ ಹಾಗೇ ಮಾಡತ್ತೆ."

"ನನ್ನ ಡಯಾಲಿಸಿಸ್ ಮಷೀನಿಂದೂ ಪಂಪೇ ಅಲ್ಲೇನು? ನಾನು ಸೂಜಿ ಚುಚ್ಚಿದ ಕೈ ಮಡಚಿ ನಿದ್ದೆ ಹೋದ್ರೆ ರಕ್ತ ಬರದೆ ಅದೂ ಹಿಂಗೇ ಒದ್ದಾಡತೈತಿ." ಅವರು ಉಸಿರು ತೆಗೆದುಕೊಂಡರು. "ಆವಾಗ ನರ್ಸ್ ಬಂದು ಪಂಪ್ ಬದಲಾಯಿಸಲ್ಲ. ನನ್ನ ಕೈ ಬಿಡಿಸ್ತಾಳೆ."

ಡಾಕ್ಟರು ನಾಡಿ ಬಿಟ್ಟು ಹಿಂದಿನ ಟ್ಯಾಂಕಿನ ಕಡೆ ನೋಡಿದರು. "ಪಂಪ್ ಎಳೀತಿದೆ, ಬರೋದಕ್ಕೆ ಏನೋ ಬಿಡ್ತಿಲ್ಲ," ಎಂದರು ತಮಗೇ ಹೇಳಿಕೊಳ್ಳುವಂತೆ. "ಬಾಟಲಿಗೆ ಬಾಯಿ ಕಚ್ಚಿ ಹೀರಿದ ಹಾಗೆ. ಒಳಗಿಂದ ಗ್ಯಾಸ್ ಖಾಲಿಯಾದಷ್ಟೂ ಹೊರಗಿಂದ ಗಾಳಿ ಹೋಗಬೇಕು ಟ್ಯಾಂಕಿಗೆ. ಹರಿ, ಬಾ."

ಪೆಟ್ರೋಲನ್ನು ಇಲ್ಲಿ ಗ್ಯಾಸ್ ಎನ್ನುತ್ತಾರೆ. ಮೊಣಕಾಲುದ್ದ ಹಿಮದಲ್ಲಿ ಹಿಂದಕ್ಕೆ ಹೋದೆವು. ಡಾಕ್ಟರು ಮುಚ್ಚಳ ತಿರುಗಿಸಿದರು. ಫುಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಎಷ್ಟೋ ಹೊತ್ತು ನುಗ್ಗುತ್ತಲೇ ಇತ್ತು.

"ಗ್ಯಾಸ್ ಹಾಕೋನು ನೀನು. ಈ ಸದ್ದು ಮುಂಚೇನೂ ಬರ್ತಿತ್ತಾ?"

"ಒಂದೆರಡು ಸಲ ಬಂದಿರಬಹುದು ಡಾಕ್ಟ್ರೇ. ಅಷ್ಟು ಗಮನಿಸಿಲ್ಲ."

ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದರು. ಹಳೆಯ ಕಾಲದ ದುಂಡನೆಯ ಮುಚ್ಚಳ, ನಡುವೆ ಗಾಳಿಯಾಡಲು ಸೂಜಿಯಷ್ಟು ರಂಧ್ರ ಇರಬೇಕು. ರಂಧ್ರ ಕಾಣಲಿಲ್ಲ. ಅದರ ಮೇಲೆ ಎಂಟಾಣೆ ನಾಣ್ಯದಷ್ಟು ದಪ್ಪಕ್ಕೆ, ಪದರದ ಮೇಲೆ ಪದರವಾಗಿ, ಒಂದು ಬೊಟ್ಟು ಕೂತಿತ್ತು.

"ಇದನ್ನ ಇಲ್ಲಿ ಯಾರು ಇಟ್ಟಿದ್ದು?"

"ಜಯಾ ಅತ್ತಿಗೆ ಇರಬೇಕು," ಎಂದೆ. "ಪೂಜೆ ಮಾಡಿದ್ದು ಅವರೇ ಅಲ್ವಾ."

ಡಾಕ್ಟರು ಉಗುರಿನಿಂದ ಕೆರೆದರು. ಬರಲಿಲ್ಲ. ಒಳಗೆ ಒಯ್ದು ರೇಣುಕಮ್ಮನಿಗೆ ತೋರಿಸಿದರು. ಅವರು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ನನ್ನ ಮುಖ ಒಮ್ಮೆ ನೋಡಿ, ತಾವೇ ಚುಚ್ಚಿ ತಿರುವಿದರು. ರಂಧ್ರ ತೆರೆಯಿತು.

ಬೆಕ್ಕು ಹೊರಟಿತು. ಹನ್ನೆರಡು ನಿಮಿಷ ಕಳೆಯಿತು. ಡಾಕ್ಟರು ಗಡಿಯಾರ ನೋಡಲಿಲ್ಲ, ನಾನು ನೋಡಿದೆ. ಹದಿನೈದು. ಇಪ್ಪತ್ತು. ಇಪ್ಪತ್ತಾರನೆಯ ನಿಮಿಷಕ್ಕೆ ಕ್ಲಿನಿಕ್ಕಿನ ಬಾಗಿಲ ಮುಂದೆ ಡಾಕ್ಟರು ತಾವಾಗಿಯೇ ಎಂಜಿನ್ ನಿಲ್ಲಿಸಿದರು.

ರೇಣುಕಮ್ಮನಿಗೆ ಮಷೀನು ಜೋಡಿಸಿದ ಒಂದು ಗಂಟೆಯ ಮೇಲೆ ಅವರ ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ನಾನು ನರ್ಸಿಗೆ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ನನ್ನ ಕಿವಿಯ ಬಗ್ಗೆ ಅರ್ಧ ಹೇಳಿ ಮುಗಿಸಿದ್ದೆ.

"ಹರಿಪ್ರಸಾದ, ಬಾಪ್ಪ ಇಲ್ಲಿ," ಎಂದು ರೇಣುಕಮ್ಮ ಕರೆದರು. ಸೂಜಿ ಚುಚ್ಚಿದ ಕೈ ಮಡಚದೆ ಹಾಗೇ ಇತ್ತು, ಇನ್ನೊಂದು ಕೈಯಲ್ಲಿ ಪಿನ್ನು. "ಇದನ್ನ ಮೂಸು."

ಮೂಸಿದೆ. "ಪೆಟ್ರೋಲು."

"ಇನ್ನೊಮ್ಮೆ ಮೂಸು."

ಡಾಕ್ಟರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಪಿನ್ನನ್ನು ಮತ್ತೆ ಮೂಗಿಗೆ ಹಿಡಿದೆ.

"ಗಂಧ," ಎಂದರು ರೇಣುಕಮ್ಮ. "ಜಯಾ ಇಡೋದು ಬರೇ ಅರಿಶಿನ ಕುಂಕುಮ. ಸ್ಟೇಟ್ಸಲ್ಲಿ ಇಂಥ ಗಂಧ ಇನ್ನೊಂದಿಲ್ಲ ಅಂದೋನು ನೀನೇ. ಆದ್ರೂ ಗಂಧ ಹಿಂಗೆ ಕಲ್ಲಾಗಲ್ಲ ಕಣಪ್ಪ, ಒಣಗಿದ್ರೆ ಉದುರತೈತಿ. ಏನು ಬೆರೆಸಿದ್ದೆ?"

"ಮರದ ಅಂಟು," ಎಂದೆ. "ಮಳೆಗೆ ತೊಳೆದುಹೋಗ್ಬಾರ್ದು ಅಂತ."

ಡಾಕ್ಟರ ಭುಜ ಅಲುಗುತ್ತಿತ್ತು. ಅವರು ನಗುವುದು ಹಾಗೆ, ಸದ್ದಿಲ್ಲದೆ. "ಮೂರು ತಿಂಗಳು," ಎಂದರು. "ನೋಟ್‌ಬುಕ್ ತುಂಬಾ ಬರೆದೆ ನಾನು. ಮನೆಗೆ ಹೋಗಿ ಜಯಾಗೆ ನೀನೇ ಹೇಳು."

"ಫುಸ್ ಅನ್ನೋದು ಪ್ರತಿ ಸಲ ಬರ್ತಿತ್ತು ಡಾಕ್ಟ್ರೇ," ಎಂದೆ. ಶುರುವಾದಮೇಲೆ ನಿಲ್ಲಿಸುವುದು ನನಗೆ ಕಷ್ಟ. "ಹೊರಡೋ ಮುಂಚೆ ಇವತ್ತೂ ಒಂದು ಸುತ್ತು ಇಟ್ಟೆ. ಎಂಜಿನ್ ಎತ್ತಿದ್ದು ಬಾಡಿಗೆ ಕ್ರೇನು, ನಾನು ಕಾಫಿ ಮಾತ್ರ ಹಿಡಿದಿದ್ದೆ. ಆ ಕೊರಡು ಮಹಾರಾಜರದ್ದಲ್ಲ. ಬೆಂಗಳೂರಲ್ಲಿ ವಿಮಾನ ಹತ್ತೋ ದಿನ ಅಂಗಡೀಲಿ ಕೊಂಡಿದ್ದು. ತಾತ ಪೋಸ್ಟ್ ಆಫೀಸಲ್ಲಿದ್ರು."

"ಮತ್ತೆ ರೈಲು?" ಎಂದರು ರೇಣುಕಮ್ಮ.

"ಅದು ತಾನಾಗೇ ಹೊರಡ್ತಮ್ಮ."

ಇನ್ನು ಉಳಿದದ್ದು ಆ ಹಿಮ. ಅವತ್ತು ತುಳಿದದ್ದು ಆರು ಮೈಲಿ, ಎರಡು ಪಟ್ಟಿಯ ಅಗಲ. ನಡೆಸಿದವರು ಡಾಕ್ಟರು. ನಾನು ಹಿಂದಿನ ಸೀಟಿನಲ್ಲಿ ರೇಣುಕಮ್ಮನ ಕೈಚೀಲ ಹಿಡಿದು ಕೂತಿದ್ದೆ. ಚರ್ಚಿನ ಗೋಪುರ ಅದರ ಎತ್ತರದಲ್ಲೇ ಇತ್ತು, ನಾವು ಅದರ ಬುಡದಲ್ಲಿ ಹಾದುಹೋದೆವು. ಮಫ್ಲರ್ ಅಲ್ಲಿಲ್ಲ. ಸೇತುವೆಯ ಮೇಲೆ ಬೆಕ್ಕು ನಿಂತಿದ್ದಾಗ ರೇಣುಕಮ್ಮನ ಕಾಲು ತಣ್ಣಗಾಗುತ್ತಿದೆ ಎಂದು ಮೊಣಕಾಲಿಗೆ ಸುತ್ತಿದ್ದೆ. ವಾಪಸು ಕೇಳಲು ಆಮೇಲೆ ಮುಖವಿರಲಿಲ್ಲ.